ಕಾರಣ ಹೇಳದೆ ಎಂಟು ಹೆಸರು

ಭಾಗ 1

ನಮ್ಮ ಕಡೆ ಒಬ್ಬರ ಹೆಸರು ಗೊತ್ತಾದ್ರೆ ಸಾಕು, ಉಳಿದದ್ದನ್ನು ನಾವೇ ತುಂಬಿಸಿಕೊಳ್ತೇವೆ. ಶೆಟ್ಟಿ, ಪೂಜಾರಿ, ಭಟ್, ಡಿಸೋಜ, ಇಸ್ಮಾಯಿಲ್. ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ ಪಕ್ಕ ಕೂತವರ ಹೆಸರು ಕೇಳಿ ನೋಡಿ. ಬಸ್ಸು ಮೂಡುಬಿದಿರೆ ಮುಟ್ಟುವ ಮೊದಲೇ ಅವರ ಮನೆಯ ಅಡುಗೆ ಎಂತದ್ದು, ಹಬ್ಬ ಯಾವುದು, ವೋಟು ಯಾವ ಪಾರ್ಟಿಗೆ ಅಂತ ನಮ್ಮ ಮನಸ್ಸಲ್ಲೇ ಲೆಕ್ಕ ಮುಗಿದಿರ್ತದೆ. ಯಾರನ್ನೋ ಅರೆಸ್ಟ್ ಮಾಡಿದ ಸುದ್ದಿ ಬಂದ್ರೂ ಅಷ್ಟೇ. ಮೊದಲು ಹೆಸರು ಹುಡುಕುವುದು, ಆಮೇಲೆ ಎಂತ ಆಯ್ತು ಅಂತ ಓದುವುದು.

ಇದೇ ಲೆಕ್ಕವನ್ನು ಕೋರ್ಟಿನ ಒಳಗೆ ಮಾಡುವುದಕ್ಕೆ ಕಾನೂನೇ ಜಾಗ ಬಿಟ್ಟಿದ್ದ ಕಾಲ ಒಂದಿತ್ತು. ಈ ಸರಣಿ ಅದರ ಬಗ್ಗೆ.

ನಮ್ಮ ದೇಶದಲ್ಲೂ ಜ್ಯೂರಿ ಇತ್ತು. ಇಂಗ್ಲಿಷ್ ಸಿನಿಮಾಗಳಲ್ಲಿ ನೋಡಿದ್ದೀರಲ್ಲ, ಕೋರ್ಟಿನ ಒಂದು ಬದಿಯಲ್ಲಿ ಸಾಲಾಗಿ ಕೂತ ಸಾಮಾನ್ಯ ಜನ, ಕೊನೆಗೆ ಆರೋಪಿ ತಪ್ಪು ಮಾಡಿದ್ದಾನಾ ಇಲ್ವಾ ಅಂತ ಅವರೇ ಹೇಳುವುದು. ಅದೇ. ಬ್ರಿಟಿಷರ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಪ್ರಕಾರ ಹೈಕೋರ್ಟಿನಲ್ಲಿ ಜ್ಯೂರಿ ಅಂದ್ರೆ 9 ಮಂದಿ. ಅದರ ಸೆಕ್ಷನ್ 277ರಲ್ಲಿ ಆರಿಸುವ ಕ್ರಮ ಉಂಟು. ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗಬೇಕು. ಅವರು ಎದುರಿಗೆ ಬಂದು ನಿಂತ ಮೇಲೆ ಆರೋಪಿಯನ್ನು ಕೇಳಬೇಕು: ಇವರು ನಿನ್ನ ಕೇಸು ವಿಚಾರಿಸುವುದಕ್ಕೆ ಆಕ್ಷೇಪ ಉಂಟಾ? ಉಂಟು ಅಂದ್ರೆ ಕಾರಣ ಕೊಡಬೇಕು. ಆದ್ರೆ ಹೈಕೋರ್ಟಿಗೆ ಮಾತ್ರ ಒಂದು ವಿನಾಯಿತಿ. ಸರಕಾರದ ಕಡೆಯವರು ಎಂಟು ಮಂದಿಯನ್ನು, ಆರೋಪಿಯ ಕಡೆಯವರು ಎಂಟು ಮಂದಿಯನ್ನು, ಯಾವ ಕಾರಣವನ್ನೂ ಹೇಳದೆ "ಇವರು ಬೇಡ" ಅನ್ನಬಹುದು.

ಇದಕ್ಕೆ ಪೆರೆಂಪ್ಟರಿ ಚಾಲೆಂಜ್ ಅಂತ ಹೆಸರು. ಯೋಚಿಸಿ, ಎದುರಿಗೆ ನಿಂತ ಆ ಮನುಷ್ಯ ಇನ್ನೂ ಬಾಯಿ ತೆರೆದಿಲ್ಲ. ನಿಮ್ಮ ಕೈಯಲ್ಲಿ ಇರುವುದು ಅವನ ಹೆಸರು, ಮುಖ, ತಲೆ ಮೇಲಿನ ಟೋಪಿಯೋ ಮುಂಡಾಸೋ, ಇಷ್ಟೇ.

ಭಾಗ 2

ಇಂಥ ಹಕ್ಕನ್ನು ಯಾಕೆ ಕೊಟ್ಟರು? ಕೇಳಿದ್ರೆ ಮೊದಲಿಗೆ ಒಳ್ಳೆಯದೇ ಅನಿಸ್ತದೆ. 18ನೇ ಶತಮಾನದ ಇಂಗ್ಲಿಷ್ ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ಎರಡು ಕಾರಣ ಕೊಡ್ತಾನೆ. ಒಂದು, ಕೆಲವರ ಮುಖ ನೋಡಿದ ಕೂಡ್ಲೆ ನಮಗೆ ಯಾಕೋ ಸರಿ ಬರುವುದಿಲ್ಲ, ಕಾರಣ ಹೇಳುವುದಕ್ಕೂ ಆಗುವುದಿಲ್ಲ. ಪ್ರಾಣ ಪಣಕ್ಕಿಟ್ಟು ನಿಂತವನಿಗೆ ಅಂಥವರಿಂದ ತೀರ್ಪು ಕೇಳುವ ಗತಿ ಬರಬಾರದು. ಎರಡನೆಯದ್ದು ಇನ್ನೂ ಪ್ರಾಕ್ಟಿಕಲ್. "ಇವರು ಪಕ್ಷಪಾತಿ" ಅಂತ ಕಾರಣ ಕೊಟ್ಟು ಆಕ್ಷೇಪ ಮಾಡಿದ್ರಿ, ಜಡ್ಜ್ ಅದನ್ನು ಒಪ್ಪಲಿಲ್ಲ ಅಂತ ಇಟ್ಟುಕೊಳ್ಳಿ. ಈಗ ಅದೇ ಮನುಷ್ಯ ಜ್ಯೂರಿಯಲ್ಲಿ ಕೂತಿದ್ದಾನೆ, ನಿಮ್ಮ ಮೇಲೆ ಸಿಟ್ಟೂ ಬಂದಿದೆ. ಹಾಗಾಗಿ ಸುಮ್ಮನೆ "ಬೇಡ" ಅನ್ನುವ ದಾರಿ ಒಂದು ಇರಲಿ.

ಅಂದ್ರೆ ಈ ಹಕ್ಕು ಹುಟ್ಟಿದ್ದು ಆರೋಪಿಯ ಮೇಲಿನ ಕನಿಕರದಿಂದ. ಅದೇ ಹಕ್ಕನ್ನು ಸರಕಾರಕ್ಕೂ ಸಮನಾಗಿ ಕೊಟ್ಟಾಗ ಎಂತ ಆಗ್ತದೆ ಅನ್ನುವುದೇ ಮುಂದಿನ ಕತೆ.

ನಮ್ಮ ಜಿಲ್ಲೆಗೆ ಇದು ಎಲ್ಲಿ ಬರ್ತದೆ ಅಂತ ಕೇಳಬಹುದು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋಯ್ತು, ನಾವು ಮದ್ರಾಸ್ ಪ್ರಾಂತ್ಯದಲ್ಲೇ ಉಳಿದೆವು. ಬಂಟ್ವಾಳದವನಿಗೆ ಹೈಕೋರ್ಟ್ ಅಂದ್ರೆ ಮದ್ರಾಸು, ಕಾರವಾರದವನಿಗೂ ಧಾರವಾಡದವನಿಗೂ ಬೊಂಬಾಯಿ. ಜಿಲ್ಲಾ ಮಟ್ಟದ ಸೆಷನ್ಸ್ ಕೋರ್ಟುಗಳಲ್ಲಿ ಸರಕಾರ ಹೇಳಿದ ಕಡೆ ಮಾತ್ರ ಜ್ಯೂರಿ. ಉಳಿದ ಕಡೆ ಅಸೆಸರ್ ಅಂತ ಕೂರಿಸ್ತಿದ್ರು. ಅಸೆಸರುಗಳು ಅಭಿಪ್ರಾಯ ಹೇಳಬಹುದು, ಜಡ್ಜ್ ಅದನ್ನು ಕೇಳಬೇಕು ಅಂತ ಇಲ್ಲ. ನಮ್ಮ ಮನೆಗಳಲ್ಲಿ ಮಕ್ಕಳನ್ನು ಕೇಳಿ ಆಮೇಲೆ ದೊಡ್ಡವರೇ ತೀರ್ಮಾನ ಮಾಡ್ತಾರಲ್ಲ, ಹಾಗೆ. ಕಾರಣ ಹೇಳದೆ ಎಂಟು ಹೆಸರು ತೆಗೆಯುವ ಆಟ ಇದ್ದದ್ದು ಹೈಕೋರ್ಟಿನ ದೊಡ್ಡ ಹಾಲಿನಲ್ಲಿ ಮಾತ್ರ.

ಭಾಗ 3

ಸ್ವಲ್ಪ ಹಿಂದೆ ಹೋಗುವ. ಆರಂಭದಲ್ಲಿ ಹೆಸರು ನೋಡಿ ತೆಗೆಯುವ ಕಷ್ಟವೇ ಇರಲಿಲ್ಲ, ಯಾಕಂದ್ರೆ ಜ್ಯೂರಿಯಲ್ಲಿ ನಮ್ಮವರ ಹೆಸರೇ ಇರಲಿಲ್ಲ. 1775ರಲ್ಲಿ ಕಲ್ಕತ್ತದ ಸುಪ್ರೀಂ ಕೋರ್ಟ್ ಮಹಾರಾಜ ನಂದಕುಮಾರನನ್ನು ಫೋರ್ಜರಿ ಕೇಸಿನಲ್ಲಿ ವಿಚಾರಿಸಿತು. ಜ್ಯೂರಿಯಲ್ಲಿ ಇದ್ದವರೆಲ್ಲ ಯುರೋಪಿಯನ್ನರು. ಆಗಸ್ಟ್ 5ಕ್ಕೆ ಅವನನ್ನು ಗಲ್ಲಿಗೆ ಹಾಕಿದರು.

1826ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಲ್ಕತ್ತ, ಮದ್ರಾಸ್, ಬೊಂಬಾಯಿಯ ಭಾರತೀಯರೂ ಜ್ಯೂರಿಯಲ್ಲಿ ಕೂರಬಹುದು ಅಂತ ಕಾನೂನು ಮಾಡಿತು. ಕೇಳುವುದಕ್ಕೆ ಚೆಂದ. ಒಳಗೆ ಒಂದು ಮುಳ್ಳು ಇತ್ತು: ಆರೋಪಿ ಕ್ರಿಶ್ಚಿಯನ್ ಆಗಿದ್ರೆ ಅವನ ಜ್ಯೂರಿಯಲ್ಲಿ ಇರುವವರು ಪೂರ್ತಿ ಕ್ರಿಶ್ಚಿಯನ್ನರೇ ಆಗಿರಬೇಕು. ಗ್ರ್ಯಾಂಡ್ ಜ್ಯೂರಿಯಲ್ಲೂ, ಅಂದ್ರೆ ಕೇಸು ವಿಚಾರಣೆಗೆ ಹೋಗಬೇಕಾ ಬೇಡ್ವಾ ಅಂತ ಮೊದಲೇ ನೋಡುವ ಮಂಡಳಿಯಲ್ಲೂ, ಕ್ರಿಶ್ಚಿಯನ್ನರೇ.

ಇದನ್ನು ಹಿಡಿದು ಕೇಳಿದವನು ರಾಜಾ ರಾಮಮೋಹನ ರಾಯ್. ನಮಗೆ ಶಾಲೆಯಲ್ಲಿ ಸತಿ ಪದ್ಧತಿ ಅಂತ ಎರಡು ಮಾರ್ಕಿಗೆ ಬಂದು ಹೋಗುವ ಹೆಸರು, ಈ ಜಗಳ ಯಾವ ಪಾಠದಲ್ಲೂ ನನಗೆ ಸಿಕ್ಕಿರಲಿಲ್ಲ. ಅವನ ವಾದ ಸರಳ. ಹಿಂದೂವನ್ನೂ ಮುಸ್ಲಿಮನನ್ನೂ ಕ್ರಿಶ್ಚಿಯನ್ ವಿಚಾರಿಸಬಹುದು. ಆದ್ರೆ ಕ್ರಿಶ್ಚಿಯನ್‌ನನ್ನು, ಅವನು ನಿನ್ನೆ ಮೊನ್ನೆ ಮತಾಂತರವಾದ ಇದೇ ಊರಿನವನಾದ್ರೂ, ಹಿಂದೂವಾಗಲಿ ಮುಸ್ಲಿಮನಾಗಲಿ ವಿಚಾರಿಸುವ ಹಾಗಿಲ್ಲ. ಹಿಂದೂಗಳೂ ಮುಸ್ಲಿಮರೂ ಸೇರಿ ಅರ್ಜಿಗೆ ಸಹಿ ಹಾಕಿದರು. 1832ರಲ್ಲಿ ಇನ್ನೊಂದು ಕಾನೂನು ಬಂದು ಆ ಧರ್ಮದ ಬೇಲಿಯನ್ನು ಕಿತ್ತು ಹಾಕಿತು.

ಧರ್ಮದ ಬೇಲಿ ಹೋಯ್ತು, ಬಣ್ಣದ ಬೇಲಿ ಉಳಿಯಿತು. 1883ರಲ್ಲಿ ವೈಸ್‌ರಾಯ್ ರಿಪ್ಪನ್ ಕಾಲದ ಇಲ್ಬರ್ಟ್ ಮಸೂದೆ ನೆನಪಿರಬಹುದು: ಹಳ್ಳಿ ಜಿಲ್ಲೆಗಳಲ್ಲಿ ಭಾರತೀಯ ಜಡ್ಜುಗಳು ಯುರೋಪಿಯನ್ನರ ಕೇಸು ನಡೆಸಬಹುದು ಅಂತ. ಟೀ ತೋಟ, ನೀಲಿ ತೋಟದ ಸಾಹೇಬರು ಹಾರಾಡಿದರು. 1884ರಲ್ಲಿ ರಾಜಿ ಆಯ್ತು. ಜಡ್ಜ್ ಭಾರತೀಯನಾದ್ರೂ ಆಗಬಹುದು, ಆದ್ರೆ ಬಿಳಿಯ ಆರೋಪಿ ಕೇಳಿದ್ರೆ ಜ್ಯೂರಿ ಕೊಡಬೇಕು, ಅದರಲ್ಲಿ ಕಡಿಮೆ ಅಂದ್ರೂ ಅರ್ಧ ಯುರೋಪಿಯನ್ನರೋ ಅಮೆರಿಕನ್ನರೋ ಇರಬೇಕು. ಅಮೆರಿಕನ್ನರು ಯಾಕೆ? ಭಾರತದ ತೋಟದಲ್ಲಿ ಕೂಲಿಯವನಿಗೆ ಹೊಡೆದ ಇಂಗ್ಲಿಷಿನವನಿಗೂ ಬಾಸ್ಟನ್ನಿನ ವ್ಯಾಪಾರಿಗೂ ಎಂತ ಸಂಬಂಧ? ಬಣ್ಣ ಬಿಟ್ಟು ಬೇರೆ ಉತ್ತರ ನನಗೆ ಸಿಗಲಿಲ್ಲ.

ಭಾಗ 4

(ಫೋಟೋ: ಬೊಂಬಾಯಿ ಹೈಕೋರ್ಟಿನ ಕಲ್ಲಿನ ಕಟ್ಟಡ.)

ಈಗ ಮುಖ್ಯ ಕೇಸಿಗೆ ಬರುವ. ಬಾಲ ಗಂಗಾಧರ ತಿಲಕರ ಮೇಲೆ ರಾಜದ್ರೋಹದ ಕೇಸು, 1897. ಪುಣೆಯಲ್ಲಿ ಪ್ಲೇಗ್, ಮನೆ ಮನೆ ನುಗ್ಗಿ ತಪಾಸಣೆ, ಅಧಿಕಾರಿ ರ‍್ಯಾಂಡ್ ಕೊಲೆ. ತಿಲಕರ "ಕೇಸರಿ" ಪತ್ರಿಕೆಯ ಬರಹವೇ ಜನರನ್ನು ಕೆರಳಿಸಿತು ಅಂತ ಸರಕಾರ ಅವರನ್ನು ಹಿಡಿಯಿತು.

ಮೊದಲು ಜಾಮೀನಿನ ಕತೆ. ಹೈಕೋರ್ಟಿನಲ್ಲಿ ಮೊದಲ ಪ್ರಯತ್ನಕ್ಕೆ ಸಿಗಲಿಲ್ಲ. ಆ ಜಡ್ಜುಗಳಲ್ಲಿ ಒಬ್ಬರು ಎಂ.ಜಿ. ರಾನಡೆ. ತಿಲಕರ ಊರಿನಲ್ಲೇ ಬಾಳಿದವರು, ಅದೇ ಚಿತ್ಪಾವನ ಬ್ರಾಹ್ಮಣರು. ಆಮೇಲೆ ಅರ್ಜಿ ಇನ್ನೊಬ್ಬ ಜಡ್ಜ್ ಎದುರು ಬಂತು, ಜಾಮೀನು ಸಿಕ್ಕಿತು. ಕೊಟ್ಟವರು ಬದ್ರುದ್ದೀನ್ ತಯ್ಯಬ್ಜಿ, ಮುಸ್ಲಿಂ. ಗಣೇಶೋತ್ಸವವನ್ನು ಬೀದಿಗೆ ತಂದ ತಿಲಕರ ಬಗ್ಗೆ ಮುಸ್ಲಿಮರಲ್ಲಿ ಅಸಮಾಧಾನ ಇದ್ದ ಕಾಲ ಅದು. ಹೆಸರು ನೋಡಿ ಲೆಕ್ಕ ಹಾಕುವವನು ಆ ದಿನ ಕೋರ್ಟಿನಲ್ಲಿ ಇದ್ದಿದ್ರೆ ಎರಡು ಸಲವೂ ತಪ್ಪುತ್ತಿದ್ದ.

ಆದ್ರೆ ಇಲ್ಲಿಗೆ ನಿಲ್ಲಿಸಿದ್ರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಮುಂದೆ ಜ್ಯೂರಿ ಕೂತಿತು. 6 ಯುರೋಪಿಯನ್ನರು, 3 ಭಾರತೀಯರು. ಜಡ್ಜ್ ಸ್ಟ್ರೇಚಿ ಕಾನೂನಿನ "ಡಿಸ್‌ಅಫೆಕ್ಷನ್" ಅನ್ನುವ ಪದಕ್ಕೆ ಸರಕಾರದ ಮೇಲೆ ಪ್ರೀತಿ ಇಲ್ಲದಿರುವುದು ಅಂತ ಅರ್ಥ ಹೇಳಿಕೊಟ್ಟರು. (ಆ ಲೆಕ್ಕದಲ್ಲಿ ನಾವೆಲ್ಲ ಒಳಗೆ ಇರಬೇಕಿತ್ತು.) ಜ್ಯೂರಿಯ ತೀರ್ಮಾನ: ಆರು ಮಂದಿ ತಪ್ಪಿತಸ್ಥ ಅಂದರು, ಮೂರು ಮಂದಿ ಅಲ್ಲ ಅಂದರು. ಆ ಆರು ಅದೇ ಆರು, ಆ ಮೂರು ಅದೇ ಮೂರು.

ಕಾನೂನಿನ ಪ್ರಕಾರ ಹೈಕೋರ್ಟಿನಲ್ಲಿ 9ರಲ್ಲಿ 6 ಮಂದಿ ಒಂದೇ ಮಾತು ಹೇಳಿ, ಜಡ್ಜ್ ಒಪ್ಪಿದ್ರೆ ಸಾಕು, ಅದೇ ತೀರ್ಪು. ಅಂದ್ರೆ ಸರಿಯಾಗಿ ಎಷ್ಟು ಬೇಕಿತ್ತೋ ಅಷ್ಟೇ ಬಂತು. ಒಂದು ಮತ ಆಚೆ ಹೋಗಿದ್ರೆ 5-4, ತೀರ್ಪು ಅಲ್ಲಿ ನಿಲ್ಲುತ್ತಿರಲಿಲ್ಲ. ಶಿಕ್ಷೆ 18 ತಿಂಗಳು ಕಠಿಣ ಜೈಲು.

ಜಡ್ಜುಗಳ ವಿಷಯದಲ್ಲಿ ಹೆಸರಿನ ಲೆಕ್ಕ ತಪ್ಪಿತು, ಜ್ಯೂರಿಯ ವಿಷಯದಲ್ಲಿ ಸರಿ ಆಯ್ತು. ಎರಡೂ ಒಂದೇ ಕೇಸಿನಲ್ಲಿ. ಇದನ್ನು ಎಂತ ಮಾಡುವುದು ಅಂತ ನನಗೆ ತುಂಬ ದಿನ ಗೊತ್ತಾಗಲಿಲ್ಲ.

ಭಾಗ 5

1908. ಮುಜಫರ್‌ಪುರದಲ್ಲಿ ಏಪ್ರಿಲ್ 30ಕ್ಕೆ ಬಾಂಬ್. ಅದರ ಬಗ್ಗೆ ಕೇಸರಿಯಲ್ಲಿ ಬಂದ ಲೇಖನಗಳಿಗೆ ತಿಲಕರ ಮೇಲೆ ಮತ್ತೆ ರಾಜದ್ರೋಹ. ಜಾಮೀನಿಗೆ ವಾದ ಮಾಡಿದ ವಕೀಲ ಮಹಮ್ಮದ್ ಅಲಿ ಜಿನ್ನಾ. ಹೌದು, ಅದೇ ಜಿನ್ನಾ. ನಿರಾಕರಿಸಿದ ಜಡ್ಜ್ ದಿನ್‌ಶಾ ದಾವರ್, ಪಾರ್ಸಿ. ವಿಚಿತ್ರ ಅಂದ್ರೆ 1897ರಲ್ಲಿ ತಯ್ಯಬ್ಜಿ ಎದುರು ತಿಲಕರಿಗೆ ಜಾಮೀನು ಕೊಡಿ ಅಂತ ವಾದಿಸಿ ಗೆದ್ದ ವಕೀಲರು ಇದೇ ದಾವರ್!

ಸರಕಾರ ಇನ್ನೊಂದು ಅರ್ಜಿ ಹಾಕಿತು: ಈ ಕೇಸಿಗೆ ಸ್ಪೆಷಲ್ ಜ್ಯೂರಿ ಬೇಕು. ಸ್ಪೆಷಲ್ ಜ್ಯೂರಿಯ ಪಟ್ಟಿ ಬೇರೆ, ಊರಿನ ಪ್ರತಿಷ್ಠಿತರದ್ದು, ಅದರಲ್ಲಿ ಯುರೋಪಿಯನ್ನರೇ ಹೆಚ್ಚು. ಇದನ್ನು ವಿರೋಧಿಸಿ ನಿಂತವರು ತಿಲಕರ ವಕೀಲ ಜೋಸೆಫ್ ಬ್ಯಾಪ್ಟಿಸ್ಟಾ, ಬೊಂಬಾಯಿಯ ಕ್ಯಾಥೊಲಿಕ್. ಕೇಸು ಇರುವುದು ಮರಾಠಿ ಲೇಖನಗಳ ಮೇಲೆ, ಸ್ಪೆಷಲ್ ಜ್ಯೂರಿಯ ಸಾಹೇಬರಿಗೆ ಮರಾಠಿ ಬರುವುದಿಲ್ಲ, ಅನುವಾದ ನೋಡಿ ಹೇಗೆ ತೀರ್ಮಾನ ಮಾಡ್ತಾರೆ? ದಾವರ್ ಒಪ್ಪಲಿಲ್ಲ. ಸ್ಪೆಷಲ್ ಜ್ಯೂರಿಯೇ ಕೂತಿತು. 7 ಯುರೋಪಿಯನ್ನರು, 2 ಪಾರ್ಸಿಗಳು.

ತಿಲಕರು ವಕೀಲರನ್ನು ಬಿಟ್ಟು ತಾವೇ ಜ್ಯೂರಿಯ ಎದುರು ಮಾತಾಡಿದರು. ಒಟ್ಟು 21 ಗಂಟೆ 10 ನಿಮಿಷ, ದಿನಗಟ್ಟಲೆ. ನನಗೆ ಸೆಮಿನಾರಿನಲ್ಲಿ ಹತ್ತು ನಿಮಿಷ ನಿಲ್ಲುವುದೇ ಕಷ್ಟ. ಮರಾಠಿಯ ಒಂದೊಂದು ಪದ ಹಿಡಿದು, ಸರಕಾರದ ಅನುವಾದ ಎಲ್ಲಿ ತಪ್ಪಿದೆ ಅಂತ ಮರಾಠಿ ಗೊತ್ತಿಲ್ಲದವರಿಗೆ ವಿವರಿಸುವುದು. ಜುಲೈ 22ರ ರಾತ್ರಿ ತೀರ್ಪು ಬಂತು. 7-2. ಯುರೋಪಿಯನ್ನರು ಆ ಕಡೆ, ಭಾರತೀಯರು ಈ ಕಡೆ. ಆರು ವರ್ಷ ಗಡೀಪಾರು, ಮಂಡಾಲೆ ಜೈಲು. ಬೊಂಬಾಯಿಯ ಗಿರಣಿ ಕಾರ್ಮಿಕರು ಮಾರನೇ ದಿನದಿಂದ ಆರು ದಿನ ಕೆಲಸ ನಿಲ್ಲಿಸಿದರು, ವರ್ಷಕ್ಕೆ ಒಂದು ದಿನದ ಹಾಗೆ.

ಮಂಡಾಲೆಯಿಂದ ಬಂದ ಮೇಲೆ 1916ರಲ್ಲಿ ತಿಲಕರು ಹೋಂ ರೂಲ್ ಲೀಗ್ ಶುರು ಮಾಡಿದ್ದು ನಮ್ಮ ಬೆಳಗಾವಿಯಲ್ಲಿ. ಅದರ ಅಧ್ಯಕ್ಷರು ಯಾರು ಗೊತ್ತುಂಟಾ? ಅದೇ ಜೋಸೆಫ್ ಬ್ಯಾಪ್ಟಿಸ್ಟಾ.

ಭಾಗ 6

ಎಂಟು ಹೆಸರಿನ ಲೆಕ್ಕಕ್ಕೆ ವಾಪಸ್ ಬರುವ. "ಎರಡೂ ಕಡೆಗೆ ಸಮನಾಗಿ ಎಂಟೆಂಟು ಕೊಟ್ಟಿದ್ದಾರಲ್ಲ, ಅನ್ಯಾಯ ಎಲ್ಲಿ?" ಅಂತ ನನ್ನ ಒಬ್ಬ ಫ್ರೆಂಡ್ ಕೇಳಿದ. ಕಾಮರ್ಸ್‌ನವರಿಗೆ ಇದು ಬಾಯಿಲೆಕ್ಕ, ಬನ್ನಿ.

ಇದು ಉದಾಹರಣೆ ಮಾತ್ರ, ಯಾವ ಕೇಸಿನದ್ದೂ ಅಲ್ಲ. ಕೋರ್ಟಿಗೆ ಬಂದವರು 30 ಮಂದಿ ಅಂತ ಇಟ್ಟುಕೊಳ್ಳಿ. 24 ಯುರೋಪಿಯನ್ನರು, 6 ಭಾರತೀಯರು. ಸರಕಾರ ತನ್ನ ಎಂಟರಲ್ಲಿ ಆರನ್ನು ಖರ್ಚು ಮಾಡಿದ್ರೆ ಭಾರತೀಯರು ಸೊನ್ನೆ. ಇನ್ನೂ ಎರಡು ಕೈಯಲ್ಲಿ ಉಳೀತದೆ. ಆರೋಪಿ ತನ್ನ ಎಂಟನ್ನೂ ಸುರಿದ್ರೂ ಯುರೋಪಿಯನ್ನರು 16 ಮಂದಿ ಉಳಿದಿದ್ದಾರೆ. ಜ್ಯೂರಿಗೆ ಬೇಕಾದದ್ದು 9. ಹಕ್ಕು ಸಮ, ಪಟ್ಟಿ ಸಮ ಇಲ್ಲ. ಕಡಿಮೆ ಇರುವವರನ್ನು ಪೂರ್ತಿ ತೆಗೆಯುವುದಕ್ಕೆ ಎಂಟು ಧಾರಾಳ, ಹೆಚ್ಚು ಇರುವವರನ್ನು ಮುಟ್ಟುವುದಕ್ಕೂ ಸಾಲುವುದಿಲ್ಲ.

ಇನ್ನೊಂದು ಪ್ರಶ್ನೆ ನನಗೇ ಬಂದದ್ದು. ತಿಲಕರ ಕಡೆಯವರಿಗೂ ಭಾರತೀಯರೇ ಜ್ಯೂರಿಯಲ್ಲಿ ಬೇಕಿತ್ತಲ್ಲ, ಅದೂ ಹೆಸರು ನೋಡಿದ ಹಾಗೇ ಅಲ್ವಾ? ಸ್ವಲ್ಪ ಮಟ್ಟಿಗೆ ಹೌದು. ಆದ್ರೆ ಬ್ಯಾಪ್ಟಿಸ್ಟಾ ಕೋರ್ಟಿನಲ್ಲಿ ಇಟ್ಟ ಕಾರಣ ನೋಡಿ: ಲೇಖನದ ಭಾಷೆ ಓದುವುದಕ್ಕೆ ಬರಬೇಕು. ಅದು ಪರೀಕ್ಷೆ ಮಾಡಬಹುದಾದ ಕಾರಣ. ಮರಾಠಿ ಬರುವ ಯುರೋಪಿಯನ್ ಇದ್ರೆ ಆ ಆಕ್ಷೇಪ ಅವನಿಗೆ ತಾಗುವುದಿಲ್ಲ, ಮರಾಠಿ ಬಾರದ ಭಾರತೀಯ ಇದ್ರೆ ತಾಗ್ತದೆ. ಅದೇ 1898ರ ಕೋಡಿನಲ್ಲಿ ಭಾಷೆ ಗೊತ್ತಿಲ್ಲದಿರುವುದು ಜ್ಯೂರರನ್ನು ಆಕ್ಷೇಪಿಸುವುದಕ್ಕೆ ಒಂದು ಕಾರಣ ಅಂತ ಬರೆದೂ ಇತ್ತು.

ಭಾಗ 7

ಈ ಜಗಳ ಅತಿ ಹೆಚ್ಚು ನಡೆದದ್ದು ಅಮೆರಿಕದಲ್ಲಿ, ಈಗಲೂ ನಡೀತಾ ಉಂಟು. ಚುಟುಕಾಗಿ ಹೇಳ್ತೇನೆ.

ಕೆಂಟಕಿ ರಾಜ್ಯದಲ್ಲಿ ಜೇಮ್ಸ್ ಬ್ಯಾಟ್ಸನ್ ಅನ್ನುವ ಕಪ್ಪು ಮನುಷ್ಯನ ಮೇಲೆ ಕಳ್ಳತನದ ಕೇಸು. ಜ್ಯೂರಿಗೆ ಬಂದಿದ್ದ ನಾಲ್ಕೂ ಕಪ್ಪು ಜನರನ್ನು ಸರಕಾರಿ ವಕೀಲ ಕಾರಣ ಹೇಳದೆ ತೆಗೆದ, ಉಳಿದವರೆಲ್ಲ ಬಿಳಿಯರು. 1986ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಹೇಳಿತು: ಬಣ್ಣ ನೋಡಿ ತೆಗೆದ ಹಾಗೆ ಕಂಡ್ರೆ ಕಾರಣ ಕೊಡಲೇಬೇಕು. ಕಪ್ಪು ಜಡ್ಜ್ ಥರ್ಗುಡ್ ಮಾರ್ಷಲ್ ತೀರ್ಪನ್ನು ಒಪ್ಪಿದರು, ಆದ್ರೆ ಇದು ಸಾಲದು, ಈ ಹಕ್ಕನ್ನೇ ರದ್ದು ಮಾಡದೆ ಬೇರೆ ದಾರಿ ಇಲ್ಲ ಅಂತ ಬರೆದರು.

ಅವರು ಹೆದರಿದ ಹಾಗೇ ಆಯ್ತು. ವಕೀಲರು ಕಾರಣ ಹುಟ್ಟಿಸುವುದನ್ನು ಕಲಿತರು. 1987ರ ಜಾರ್ಜಿಯಾದ ಒಂದು ಕೇಸಿನಲ್ಲಿ ಸರಕಾರಿ ವಕೀಲರ ಫೈಲು ವರ್ಷಗಳ ಮೇಲೆ ಹೊರಗೆ ಬಂತು. ಜ್ಯೂರಿ ಪಟ್ಟಿಯಲ್ಲಿ ಕಪ್ಪು ಜನರ ಹೆಸರುಗಳಿಗೆಲ್ಲ ಹಸಿರು ಹೈಲೈಟರ್, ಪಕ್ಕದಲ್ಲಿ "ಬಿ" ಅಂತ ಗುರುತು. ನಾವು ಪರೀಕ್ಷೆಗೆ ಇಂಪಾರ್ಟೆಂಟ್ ಪ್ರಶ್ನೆಗೆ ಹಚ್ಚುವ ಅದೇ ಬಣ್ಣ. ಆ ಆರೋಪಿ ಫಾಸ್ಟರ್‌ಗೆ ಸುಪ್ರೀಂ ಕೋರ್ಟಿನಲ್ಲಿ ನ್ಯಾಯ ಸಿಕ್ಕಿದ್ದು 2016ರಲ್ಲಿ. ಮಿಸಿಸಿಪ್ಪಿಯಲ್ಲಿ ಕರ್ಟಿಸ್ ಫ್ಲವರ್ಸ್ ಅನ್ನುವವನನ್ನು ಒಂದೇ ಕೇಸಿಗೆ ಆರು ಸಲ ವಿಚಾರಿಸಿದರು. ಒಬ್ಬನೇ ಸರಕಾರಿ ವಕೀಲ, ಆರು ವಿಚಾರಣೆಗಳಲ್ಲಿ ತೆಗೆಯುವುದಕ್ಕೆ ಸಾಧ್ಯ ಇದ್ದ 42 ಕಪ್ಪು ಜನರಲ್ಲಿ 41 ಮಂದಿಯನ್ನು ತೆಗೆದಿದ್ದ. 2019ರಲ್ಲಿ ಆ ಶಿಕ್ಷೆ ರದ್ದಾಯ್ತು, ಮಾರನೇ ವರ್ಷ ಕೇಸನ್ನೇ ಕೈಬಿಟ್ಟರು. ಅಷ್ಟರಲ್ಲಿ ಅವನು ಎರಡು ದಶಕಕ್ಕಿಂತ ಹೆಚ್ಚು ಜೈಲಿನಲ್ಲಿ ಕಳೆದಿದ್ದ.

ಧರ್ಮ ನೋಡಿ ತೆಗೆದ್ರೆ? ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ನೇರವಾಗಿ ತೀರ್ಮಾನಿಸಿಲ್ಲ. ಯೆಹೋವನ ಸಾಕ್ಷಿಗಳ ಪಂಥದ ಒಬ್ಬರನ್ನು ತೆಗೆದ ಕೇಸು 1994ರಲ್ಲಿ ಮೇಲೆ ಹೋಗಿತ್ತು, ಕೇಳುವುದೇ ಇಲ್ಲ ಅಂತ ವಾಪಸ್ ಕಳಿಸಿದರು. ಹಕ್ಕು ಹುಟ್ಟಿದ ಇಂಗ್ಲೆಂಡಿನಲ್ಲಿ 1988ರ ಕಾನೂನು ಇದನ್ನು ರದ್ದೇ ಮಾಡಿತು. ಕೆನಡಾ 2019ರಲ್ಲಿ.

ಭಾಗ 8

ನಮ್ಮಲ್ಲಿ ಹೋದದ್ದು ಹಕ್ಕು ಮಾತ್ರ ಅಲ್ಲ, ಜ್ಯೂರಿಯೇ ಹೋಯ್ತು. "ರುಸ್ತುಂ" ಸಿನಿಮಾ ನೋಡಿದವರಿಗೆ ನಾನಾವತಿ ಕೇಸು ಗೊತ್ತಿರ್ತದೆ. 1959, ನೌಕಾಪಡೆಯ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಗೆಳೆಯ ಪ್ರೇಮ್ ಆಹುಜಾನನ್ನು ಗುಂಡು ಹೊಡೆದು ಕೊಂದ. ಆರೋಪಿ ಪಾರ್ಸಿ, ಸತ್ತವನು ಸಿಂಧಿ, ಹೊರಗೆ ಎರಡು ಸಮುದಾಯದವರು ತಮ್ಮ ತಮ್ಮವರ ಬೆನ್ನಿಗೆ. ಒಳಗೆ ಜ್ಯೂರಿಯಲ್ಲಿ ಇಬ್ಬರು ಪಾರ್ಸಿ, ಒಬ್ಬರು ಆಂಗ್ಲೋ ಇಂಡಿಯನ್, ಒಬ್ಬರು ಕ್ರಿಶ್ಚಿಯನ್, ಐದು ಹಿಂದೂಗಳು. ಬಿಡುಗಡೆ ಮಾಡಿ ಅಂದದ್ದು 8-1. ಇಲ್ಲಿ ಜಾತಿ ಧರ್ಮದ ಗೆರೆಯಲ್ಲಿ ಒಡೆಯಲೇ ಇಲ್ಲ, ಎಲ್ಲರೂ ಸೇರಿ ಒಟ್ಟಿಗೇ ತಪ್ಪಿದರು! ಹೈಕೋರ್ಟ್ ಅದನ್ನು ತಳ್ಳಿ ಜೀವಾವಧಿ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಇದೇ ಭಾರತದ ಕೊನೆಯ ಜ್ಯೂರಿ ಕೇಸು ಅಂತ ರೀಲ್ಸ್‌ನಲ್ಲಿ ಹೇಳ್ತಾರೆ, ಅದು ಸರಿಯಲ್ಲ. ಕ್ರಿಮಿನಲ್ ಕೇಸಿನ ಜ್ಯೂರಿ ಪೂರ್ತಿ ಹೋದದ್ದು 1973ರ ಹೊಸ ಕೋಡಿನಿಂದ, ಅದು ಜಾರಿಗೆ ಬಂದದ್ದು 1974ರ ಏಪ್ರಿಲ್ 1ಕ್ಕೆ.

ಒಂದು ಬಾಲ ಮಾತ್ರ ಉಳಿದಿದೆ. 1936ರ ಪಾರ್ಸಿ ಮದುವೆ ಮತ್ತು ವಿಚ್ಛೇದನ ಕಾನೂನಿನಲ್ಲಿ ಜಡ್ಜ್ ಜೊತೆ ಐದು ಮಂದಿ ಪಾರ್ಸಿ ಡೆಲಿಗೇಟುಗಳು ಕೂರ್ತಾರೆ. ಅವರನ್ನು ಆರಿಸುವಾಗ ಗಂಡನ ಕಡೆಯವರೂ ಹೆಂಡತಿಯ ಕಡೆಯವರೂ ಕೆಲವರನ್ನು ಕಾರಣ ಕೊಡದೆ ಬೇಡ ಅನ್ನಬಹುದು. ಎಲ್ಲರೂ ಒಂದೇ ಧರ್ಮದವರಾದ ಕಾರಣ ಅಲ್ಲಿ ಹೆಸರು ನೋಡಿ ಧರ್ಮದ ಲೆಕ್ಕ ಹಾಕುವ ಪ್ರಶ್ನೆ ಇಲ್ಲ. ಯಾರು ಯಾರ ಸಂಬಂಧಿಕರು ಅನ್ನುವ ಲೆಕ್ಕ ಇರಬಹುದು, ಅದು ನಮ್ಮ ಊರಿನ ಮದುವೆ ಜಗಳಗಳಲ್ಲೂ ಇರ್ತದೆ.

ಭಾಗ 9

(ಕೊನೆಯ ಭಾಗ. ಸ್ವಲ್ಪ ಉದ್ದ ಉಂಟು.)

ಇವತ್ತು ಬಂಟ್ವಾಳದಲ್ಲಾಗಲಿ ಬೆಳ್ತಂಗಡಿಯಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಕೇಸು ನಡೆಸುವವರು ಜಡ್ಜ್ ಹೆಸರು ಕೇಳಿ "ಇವರು ಬೇಡ" ಅನ್ನುವ ಹಾಗಿಲ್ಲ. ಪಕ್ಷಪಾತದ ಭಯ ಇದ್ರೆ ಕಾರಣ ಬರೆದು, ಕೇಸು ಬೇರೆ ಕೋರ್ಟಿಗೆ ವರ್ಗಾಯಿಸಿ ಅಂತ ಅರ್ಜಿ ಹಾಕಬೇಕು. ಕಾನೂನಿನಲ್ಲಿ ಆ ಬಾಗಿಲು ಮುಚ್ಚಿದೆ. ನಮ್ಮ ಬಾಯಲ್ಲಿ ಮುಚ್ಚಿಲ್ಲ, ಅದಕ್ಕೆ ಪಕ್ಕದೂರಿನವರ ಉದಾಹರಣೆಯೇ ಉಂಟು.

ಮೂಡುಬಿದಿರೆ ಹತ್ತಿರದ ಬೆಳುವಾಯಿಯಲ್ಲಿ 1958ರಲ್ಲಿ ಹುಟ್ಟಿದವರು ಎಸ್. ಅಬ್ದುಲ್ ನಜೀರ್. ಮೂಡುಬಿದಿರೆಯ ಮಹಾವೀರ ಕಾಲೇಜಿನಲ್ಲಿ ಬಿಕಾಂ (ಕಾಮರ್ಸ್‌ನವರು ಕಾಲರ್ ಎತ್ತಿಕೊಳ್ಳಬಹುದು), ಮಂಗಳೂರಿನ ಎಸ್‌ಡಿಎಂ ಲಾ ಕಾಲೇಜಿನಲ್ಲಿ ಕಾನೂನು. 2003ರಲ್ಲಿ ಕರ್ನಾಟಕ ಹೈಕೋರ್ಟ್ ಜಡ್ಜ್, 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್.

ಅದೇ ವರ್ಷ ತ್ರಿವಳಿ ತಲಾಖ್ ಕೇಸು. ಐದು ಜಡ್ಜುಗಳ ಪೀಠ: ಖೇಹರ್ ಸಿಖ್, ಕುರಿಯನ್ ಜೋಸೆಫ್ ಕ್ರಿಶ್ಚಿಯನ್, ನಾರಿಮನ್ ಪಾರ್ಸಿ, ಲಲಿತ್ ಹಿಂದೂ, ನಜೀರ್ ಮುಸ್ಲಿಂ. ಐದು ಜನ, ಐದು ಧರ್ಮ. 2017ರ ಆಗಸ್ಟ್ 22ರ ತೀರ್ಪು 3-2. ತಲಾಖನ್ನು ರದ್ದು ಮಾಡಿದವರು ಜೋಸೆಫ್, ನಾರಿಮನ್, ಲಲಿತ್. ಕೋರ್ಟ್ ರದ್ದು ಮಾಡುವುದು ಬೇಡ, ಪಾರ್ಲಿಮೆಂಟ್ ಕಾನೂನು ಮಾಡಲಿ ಅಂದವರು ಖೇಹರ್ ಮತ್ತು ನಜೀರ್. ಹೆಸರಿನ ಲೆಕ್ಕದವರಿಗೆ ಖುಷಿ, "ನೋಡಿದ್ರಾ, ನಾವು ಹೇಳಿರಲಿಲ್ವಾ" ಅಂತ. ಆ ಅಭಿಪ್ರಾಯ ಬರೆದ ಖೇಹರ್ ಸಿಖ್ ಅನ್ನುವುದು ಅವರ ಲೆಕ್ಕಕ್ಕೆ ಬರಲಿಲ್ಲ.

ಆಮೇಲೆ ಅಯೋಧ್ಯೆ. 2018ರ ಸೆಪ್ಟೆಂಬರಿನಲ್ಲಿ ಮೂರು ಜಡ್ಜುಗಳ ಪೀಠದಲ್ಲಿ, 1994ರ ಹಳೆಯ ತೀರ್ಪಿನಲ್ಲಿದ್ದ ಮಸೀದಿಯ ಬಗೆಗಿನ ಮಾತನ್ನು ದೊಡ್ಡ ಪೀಠ ಪರಿಶೀಲಿಸಬೇಕಾ ಅನ್ನುವ ಪ್ರಶ್ನೆ ಬಂದಾಗ ಇಬ್ಬರು ಬೇಡ ಅಂದರು, ನಜೀರ್ ಒಬ್ಬರೇ ಬೇಕು ಅಂದರು. ಮುಖ್ಯ ಕೇಸು 2019ರ ಜನವರಿ 10ಕ್ಕೆ ಐದು ಜಡ್ಜುಗಳ ಎದುರು ಬಂತು. ಆ ಐದರಲ್ಲಿ ನಜೀರ್ ಇರಲಿಲ್ಲ, ಲಲಿತ್ ಇದ್ದರು. ಮುಸ್ಲಿಂ ಕಡೆಯ ವಕೀಲ ರಾಜೀವ್ ಧವನ್ ಎದ್ದು, ಲಲಿತ್ ಅವರು ವಕೀಲರಾಗಿದ್ದಾಗ 1997ರಲ್ಲಿ ಇದಕ್ಕೆ ಸಂಬಂಧಪಟ್ಟ ಕೇಸಿನಲ್ಲಿ ಕಲ್ಯಾಣ್ ಸಿಂಗ್ ಪರ ಹಾಜರಾಗಿದ್ದರು ಅಂತ ಗಮನಕ್ಕೆ ತಂದರು. ಹಿಂದೆ ಸರಿಯಿರಿ ಅಂತ ನಾನು ಕೇಳ್ತಾ ಇಲ್ಲ ಅಂತಲೂ ಹೇಳಿದರು. ಲಲಿತ್ ತಾವಾಗಿ ಹಿಂದೆ ಸರಿದರು. ಪೀಠ ಹೊಸದಾಗಿ ರಚನೆಯಾಯ್ತು, ಅದರಲ್ಲಿ ನಜೀರ್ ಬಂದರು.

2019ರ ನವೆಂಬರ್ 9, ಶನಿವಾರ. ನಾನು ಹೈಸ್ಕೂಲು, ಆ ದಿನ ರಜೆ. ಮನೆಯಿಂದ ಹೊರಗೆ ಹೋಗಬೇಡಿ ಅಂತ ಎಲ್ಲರ ಮನೆಯಲ್ಲೂ ಒಂದೇ ಮಾತು. ತೀರ್ಪು ಐದಕ್ಕೆ ಐದು, ಜಾಗ ಮಂದಿರಕ್ಕೆ. ಬೆಳುವಾಯಿಯವರ ಸಹಿಯೂ ಅದರಲ್ಲಿ. ಈ ಸಲ ಬೈದವರು ಬೇರೆ, ಹೊಗಳಿದವರು ಬೇರೆ, ಎರಡು ವರ್ಷದ ಹಿಂದೆ ಬೈದವರೇ ಕೆಲವರು ಹೊಗಳುತ್ತಿದ್ದರು. ತಲಾಖ್ ತೀರ್ಪಿನ ಪುಟ ಓದಿ ಬೈದವರನ್ನಾಗಲಿ ಅಯೋಧ್ಯೆ ತೀರ್ಪಿನ ಸಾವಿರ ಪುಟ ಓದಿ ಹೊಗಳಿದವರನ್ನಾಗಲಿ ನನ್ನ ಪರಿಚಯದಲ್ಲಿ ನಾನು ನೋಡಿಲ್ಲ. ತೀರ್ಪಿನ ಬಗ್ಗೆ ಒಳ್ಳೆಯ ಟೀಕೆಗಳು ಇದ್ದಾವೆ, 2023ರ ಜನವರಿಯಲ್ಲಿ ನಿವೃತ್ತರಾಗಿ ಮರುತಿಂಗಳೇ ಅವರು ಆಂಧ್ರದ ರಾಜ್ಯಪಾಲರಾದದ್ದನ್ನು ಪ್ರಶ್ನೆ ಮಾಡಿದವರೂ ಇದ್ದಾರೆ. ಅದಕ್ಕೆಲ್ಲ ಕಾರಣ ಕೊಟ್ಟು ವಾದ ಮಾಡಬಹುದು. ನಾನು ಹೇಳ್ತಾ ಇರುವುದು ಬರೀ ಹೆಸರಿಗೆ ಬಂದ ಕಮೆಂಟುಗಳ ಬಗ್ಗೆ.

ಆ ಕೇಸಿನಲ್ಲಿ ಒಬ್ಬ ಜಡ್ಜ್ ಬಗ್ಗೆ ಧವನ್ ಎದ್ದು ಹೇಳಿದ ಮಾತಿನಲ್ಲಿ ಒಂದು ಇಸವಿ ಇತ್ತು, ಒಂದು ಕೇಸು ಇತ್ತು, ಯಾರು ಬೇಕಾದ್ರೂ ಹಳೆಯ ಫೈಲು ತೆಗೆದು ಸರಿಯಾ ತಪ್ಪಾ ಅಂತ ನೋಡಬಹುದಿತ್ತು. ಲಲಿತ್ ಹಿಂದೂ ಅನ್ನುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.